ಗೂಡಿನ ಮುಂದೆ ಕ್ಯಾಮೆರಾ



ಏಪ್ರಿಲ್ ಬಂತೆಂದರೆ ಶಾಲೆಗಳಿಗೆ ರಜೆ. ಬಯಲಿನ ಸೆಕೆ ತಾಳದೆ ಜನ ಬೆಟ್ಟ ಹತ್ತುತ್ತಾರೆ. ಅವರಲ್ಲಿ ಕೆಲವರ ಕೊರಳಲ್ಲಿ ದುರ್ಬೀನು, ಹೆಗಲಲ್ಲಿ ಕ್ಯಾಮೆರಾ. ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಳಗಿನ ಜಾವ ಎದ್ದವರಿಗೆ ತೊರೆಯ ಕಡೆಯಿಂದ ಒಂದು ಸಿಳ್ಳು ಕೇಳಿಸಬಹುದು. ಹುಡುಗನೊಬ್ಬ ರಾಗ ಮರೆತು ಸಿಳ್ಳು ಹಾಕಿದಂತಿರುವ ಆ ದನಿ ಸರಳೆ ಸಿಳ್ಳಾರದ್ದು. ಹೊತ್ತೇರಿದಂತೆ ಭೀಮರಾಜ ಬಾಲದ ಎರಡು ಉದ್ದನೆಯ ಗರಿಗಳನ್ನು ತೇಲಿಸುತ್ತ, ಬೇರೆ ಹಕ್ಕಿಗಳ ಕೂಗನ್ನು ಅಣಕಿಸುತ್ತ ಮರದಿಂದ ಮರಕ್ಕೆ ಹಾರುತ್ತದೆ.

ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬಂದಿದ್ದ ಹಕ್ಕಿಗಳು ಆ ಹೊತ್ತಿಗೆ ಹಿಂತಿರುಗುತ್ತಿರುತ್ತವೆ. ಇಲ್ಲಿಯೇ ನೆಲೆಸಿರುವ ಅನೇಕ ಹಕ್ಕಿಗಳಿಗೆ ಅದು ಗೂಡು ಕಟ್ಟಿ ಮರಿ ಮಾಡುವ ಕಾಲ. ಮನುಷ್ಯನ ರಜೆಯೂ ಹಕ್ಕಿಯ ಬಾಣಂತನವೂ ಹೀಗೆ ಒಟ್ಟಿಗೇ ಬರುತ್ತವೆ. ತೊಡಕು ಇರುವುದು ಅಲ್ಲಿಯೇ.

ಹಕ್ಕಿಯ ಚಿತ್ರವೆಂದರೆ ಗೂಡಿನ ಚಿತ್ರ ಎಂಬ ವಾಡಿಕೆ ಹೇಗೆ ಬಂತು? ಕ್ಯಾಮೆರಾಕ್ಕೆ ಮೊದಲು ಇದ್ದದ್ದು ಕೋವಿ. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗಲೂ, ಹಕ್ಕಿಯನ್ನು ಹೊಡೆದು ಅದರ ಚರ್ಮವನ್ನು ಸಂಗ್ರಹಾಲಯಕ್ಕೆ ಸೇರಿಸುವುದೇ ಶಾಸ್ತ್ರದ ಕ್ರಮವಾಗಿತ್ತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ದಾರಿ ತೆರೆದಿತ್ತು. ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಎಂಬ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಫೋಟೋ ತೆಗೆದರು. 1895ರಲ್ಲಿ ಅಂತಹ ಫೋಟೋಗಳಿಂದಲೇ ತುಂಬಿದ ಪುಸ್ತಕ ತಂದರು. ಹಕ್ಕಿಗೆ ಅನುಮಾನ ಬಾರದಿರಲೆಂದು ಟೊಳ್ಳು ಎತ್ತಿನ ಬೊಂಬೆಯೊಳಗೆ ಅವಿತು ಕುಳಿತದ್ದೂ ಉಂಟು!

ಅಂದಿನ ಕ್ಯಾಮೆರಾ ಮಣಭಾರ. ಒಳಗೆ ಗಾಜಿನ ಫಲಕ. ದೂರದ್ದನ್ನು ಹತ್ತಿರ ತರುವ ಒಳ್ಳೆಯ ಲೆನ್ಸ್ ಇರಲಿಲ್ಲ. ಹಕ್ಕಿ ತಪ್ಪದೆ ಮರಳಿ ಬರುವ ಜಾಗವೆಂದರೆ ಗೂಡು. ಆದ್ದರಿಂದ ಅದರ ಪಕ್ಕದಲ್ಲೇ ಮರೆ ಕಟ್ಟಿ ಕಾಯಬೇಕಿತ್ತು. ಮುಂದೆ ಕರ್ನಾಟಕದಲ್ಲಿ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿ ಮೊದಲಾದವರು ಕಾಡಿನ ಚಿತ್ರಗಳಿಗೆ ಒಂದು ಘನತೆ ತಂದುಕೊಟ್ಟರು. ಈಗ ಉದ್ದನೆಯ ಲೆನ್ಸುಗಳು, ಕ್ಷಣದಲ್ಲಿ ಹತ್ತಾರು ಚಿತ್ರ ತೆಗೆಯುವ ಡಿಜಿಟಲ್ ಕ್ಯಾಮೆರಾಗಳು ಬಂದಿವೆ. ಹಳೆಯ ಅನಿವಾರ್ಯ ಹೋಗಿದೆ. ಗೂಡಿನ ಮೋಹ ಹೋಗಿಲ್ಲ.

ಇದರಿಂದ ಆಗುವ ಹಾನಿ ಏನು? ಪಿಕಳಾರ ರಸ್ತೆಯಂಚಿನ ಪೊದೆಯಲ್ಲೂ ಗೂಡು ಕಟ್ಟುತ್ತದೆ. ಎರಡು-ಮೂರು ಮೊಟ್ಟೆ, ಸುಮಾರು ಹನ್ನೆರಡು ದಿನಗಳ ಕಾವು. ಚಿತ್ರಕ್ಕೆ ಅಡ್ಡವೆಂದು ಒಂದು ರೆಂಬೆ ಸರಿಸಿದರೆ ನೆರಳು ಹೋಯಿತು, ಮರೆಯೂ ಹೋಯಿತು. ಬೆದರಿದ ತಾಯಿ ಹೊರಗುಳಿದರೆ ನಡುಮಧ್ಯಾಹ್ನದ ಬಿಸಿಲೇ ಮೊಟ್ಟೆಗಳಿಗೆ ಮುಳುವಾದೀತು. ಜನ ನಿಂತ ಜಾಗವನ್ನು ಕಾಗೆ, ಮಟಪಕ್ಷಿಗಳೂ ಗಮನಿಸುತ್ತವೆ. ಮಂಗಟ್ಟೆ ಹಕ್ಕಿಯ ಪಾಡು ಇನ್ನೂ ಕಷ್ಟ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಂಡಿರುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ಉಣಿಸಬೇಕು. ಕೆಳಗೆ ಗುಂಪು ನಿಂತರೆ ಗಂಡು ಬಾರದು, ಒಳಗಿನವರಿಗೆ ಉಪವಾಸ. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಕರೆಯುವುದೂ ನಿರಪಾಯವಲ್ಲ. ಎದುರಾಳಿ ಬಂದನೆಂದು ತಿಳಿದ ಗಂಡು ಮರಿಗಳ ಚಾಕರಿ ಬಿಟ್ಟು ಜಗಳಕ್ಕೆ ಹೊರಡುತ್ತದೆ.

ಕಾನೂನು ಇದನ್ನು ಹಗುರವಾಗಿ ಕಂಡಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕದಲಿಸುವುದೂ ಸೇರಿದೆ. ಕೋವಿ ಕೆಳಗಿಟ್ಟವನೂ ಬೇಟೆಗಾರನಾಗಬಹುದು! ಹಲವು ಛಾಯಾಚಿತ್ರ ಸ್ಪರ್ಧೆಗಳೂ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ.

ಹಾಗಾದರೆ ಕ್ಯಾಮೆರಾ ಮನೆಯಲ್ಲಿ ಬಿಡಬೇಕೆ? ಬೇಕಿಲ್ಲ. ಹಣ್ಣು ಬಿಟ್ಟ ಅತ್ತಿಮರ, ಬೇಸಗೆಯ ಕೊನೆಯ ನೀರಗುಂಡಿ – ಇಂಥ ಕಡೆ ದೂರದಲ್ಲಿ ಸುಮ್ಮನೆ ಕುಳಿತರೆ ಹಕ್ಕಿಗಳು ತಾವಾಗಿ ಬರುತ್ತವೆ. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿಯೊಂದು ಮುಂದೆ ಹೋಗದೆ ಕೊಂಬೆಯ ಮೇಲೆ ಚಡಪಡಿಸುತ್ತಿದ್ದರೆ, ಗೂಡು ಅಲ್ಲೇ ಎಲ್ಲೋ ಇದೆ, ನೋಡುವವರು ದಾರಿಗೆ ಅಡ್ಡ ನಿಂತಿದ್ದಾರೆ ಎಂದು ಅರ್ಥ. ಆಗ ಹತ್ತು ಹೆಜ್ಜೆ ಹಿಂದೆ ಸರಿಯಬೇಕು. ಸಾಲದಿದ್ದರೆ ಅಲ್ಲಿಂದ ಹೊರಟುಬಿಡಬೇಕು. ಒಂದು ಚಿತ್ರ ತಪ್ಪೀತು. ಆದರೆ ಆ ಹುಳು ಮರಿಯ ಬಾಯಿಗೆ ಸೇರುತ್ತದೆ.