ಗಾಡಿಯ ಏ.ಸಿ. ತಣ್ಣಗಾಗದಿದ್ದರೆ

ಈ ದಿನ ತಮ್ಮೊಡನೆ ಆಡಬೇಕೆಂದಿರುವ ಮಾತು ಬೆಳೆಯದಲ್ಲ. ಮನೆಯ ಮುಂದೆ ನಿಂತಿರುವ ಕಾರು, ಜೀಪು, ಪಿಕಪ್ಪುಗಳದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗಲೋ, ಬಾಣಂತಿಯನ್ನೂ ಕೂಸನ್ನೂ ತವರಿನಿಂದ ಕರೆತರುವಾಗಲೋ ಏ.ಸಿ. ಕೈಕೊಟ್ಟರೆ ಆಗ ಅದು ಶೋಕಿಯ ಮಾತಾಗಿ ಉಳಿಯುವುದಿಲ್ಲ.

ಏ.ಸಿ. ತಣ್ಣಗಾಗಲಿಲ್ಲವೆಂದರೆ ನಾವು ಏನು ಹೇಳುತ್ತೇವೆ? "ಗ್ಯಾಸು ಮುಗಿದೈತೆ, ತುಂಬಿಸ್ಬೇಕು" ಅಂತ. ಗ್ಯಾಸು ಡೀಸೆಲಿನಂತೆ ಉರಿದು ಮುಗಿಯುವ ಪದಾರ್ಥವಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ತಮ್ಮ ಅರ್ಧ ಖರ್ಚು ಉಳಿದಂತೆಯೇ.

ಹಿಂದಿನ ಕಪಿಲೆ ಬಾವಿಯನ್ನು ನೆನೆಸಿಕೊಳ್ಳಿ. ತೊಗಲಿನ ಚೀಲ ಬಾವಿಗಿಳಿದು ನೀರು ತುಂಬಿಕೊಳ್ಳುತ್ತಿತ್ತು, ಮೇಲೆ ಬಂದು ಸುರಿಯುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಏ.ಸಿ.ಯ ಗ್ಯಾಸು ಆ ಚೀಲದ ಹಾಗೆ. ಡ್ಯಾಶ್‌ಬೋರ್ಡಿನ ಹಿಂದಿರುವ ಸುರುಳಿಯಲ್ಲಿ ಅದು ಆವಿಯಾಗುತ್ತಾ ಗಾಡಿಯೊಳಗಿನ ಶಾಖವನ್ನು ತುಂಬಿಕೊಳ್ಳುತ್ತದೆ. ಎತ್ತು ಎಳೆದಂತೆ ಕಂಪ್ರೆಸರ್ ಅದನ್ನು ಎಳೆದು ಒತ್ತುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಎಂಬ ಜಾಲರಿಯಲ್ಲಿ ಅದು ಶಾಖವನ್ನು ಹೊರಗೆ ಸುರಿದು, ದ್ರವವಾಗಿ ಮತ್ತೆ ಒಳಗೆ ಬರುತ್ತದೆ. ನೀರು ಸುರಿದ ಮಾತ್ರಕ್ಕೆ ಕಪಿಲೆಯ ಚೀಲ ಸವೆದು ಮುಗಿಯಿತೇ? ಇಲ್ಲ. ಹಾಗೆಯೇ ಗ್ಯಾಸು ಬೇಗ ಕಡಿಮೆಯಾಗಿದ್ದರೆ ಎಲ್ಲಿಯೋ ತೂತಿದೆ ಎಂದೇ ಅರ್ಥ. ತೂತು ಮುಚ್ಚದೆ ವರ್ಷ ವರ್ಷ ತುಂಬಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಗ್ಯಾಸಿನ ತಂಟೆಗೆ ಹೋಗುವ ಮುಂಚೆ ಕಾಸು ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿರಿ.

ಮೊದಲು ಗಾಳಿ ನೋಡಿ. ಗಾಳಿ ತಣ್ಣಗಿದ್ದೂ ಸಣ್ಣಗೆ ಬರುತ್ತಿದ್ದರೆ ದೋಷ ಹೆಚ್ಚಾಗಿ ಒಳಗಿನ ಫಿಲ್ಟರಿನದು. ಬಹಳ ಕಾರುಗಳಲ್ಲಿ ಇದು ಎಡಗಡೆ ಸೀಟಿನ ಮುಂದಿನ ಡಬ್ಬದ ಹಿಂದೆ ಇರುತ್ತದೆ. ತೆಗೆದು ನೋಡಿದರೆ ಹೊಟ್ಟು, ಧೂಳು, ಒಣಗಿದ ಎಲೆ ಕಾಣುತ್ತವೆ. ಬದಲಾಯಿಸಿಬಿಡಿ.

ಎರಡನೆಯದು ಕಂಡೆನ್ಸರ್. ರಾಗಿ ಒಕ್ಕುವ ಕಾಲದಲ್ಲಿ ರಸ್ತೆಯ ಮೇಲಿನ ಹೊಟ್ಟೆಲ್ಲ ಈ ಜಾಲರಿಗೆ ಬಡಿದು ಕೂರುತ್ತದೆ. ಓಡುವಾಗ ತಂಪು, ನಿಂತಾಗ ಬಿಸಿ ಎನ್ನುವ ಗಾಡಿಯಲ್ಲಿ ಈ ಜಾಲರಿಯನ್ನೂ ಅದರ ಫ್ಯಾನನ್ನೂ ಮೊದಲು ಅನುಮಾನಿಸಿರಿ. ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಕೊಳಾಯಿಯ ನೀರನ್ನು ಮೆಲ್ಲಗೆ ಬಿಟ್ಟು ತೊಳೆಯಿರಿ. ಔಷಧಿ ಹೊಡೆಯುವ ಪವರ್ ಸ್ಪ್ರೇಯರನ್ನು ಮಾತ್ರ ತರಬೇಡಿ. ಆ ರಭಸಕ್ಕೆ ಜಾಲರಿಯ ತೆಳು ರೆಕ್ಕೆಗಳು ಮಡಿಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಮೂರನೆಯದು ಕಂಪ್ರೆಸರ್. ಎಂಜಿನ್ ಚಾಲೂ ಮಾಡಿ ಏ.ಸಿ. ಹಾಕಿ. ಬಹಳ ಗಾಡಿಗಳಲ್ಲಿ 'ಟಕ್' ಎಂಬ ಸದ್ದಾಗಿ ಕಂಪ್ರೆಸರಿನ ಮುಂದಿನ ತಟ್ಟೆ ತಿರುಗತೊಡಗುತ್ತದೆ. ದೂರದಿಂದ ನೋಡಿ, ಪಂಚೆ, ಟವೆಲು, ಸೆರಗು ಬೆಲ್ಟಿನ ಹತ್ತಿರ ಸುಳಿಯಬಾರದು. ತಟ್ಟೆ ತಿರುಗದಿದ್ದರೆ ಫ್ಯೂಸು, ರಿಲೇ, ವೈರು ನೋಡಿ. ಹುಲ್ಲಿನ ಬಣವೆಯ ಪಕ್ಕ, ಕಣಜದ ಪಕ್ಕ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುವುದು ಸಾಮಾನ್ಯ. ಗ್ಯಾಸು ತೀರ ಕಡಿಮೆಯಾದಾಗಲೂ ಕಂಪ್ರೆಸರ್ ತನ್ನ ರಕ್ಷಣೆಗಾಗಿ ನಿಂತುಬಿಡುತ್ತದೆ.

ಗಾಡಿಯ ಕೆಳಗೆ ತೊಟ್ಟಿಕ್ಕುವ ತಿಳಿ ನೀರಿಗೆ ಹೆದರಬೇಡಿ. ಅದು ಗಾಳಿಯ ತೇವ. ಆ ನೀರು ಒಳಗೆ ಕಾಲಿನ ಬಳಿ ಬಿದ್ದರೆ ಮಾತ್ರ ನೀರು ಹೋಗುವ ಕೊಳವೆ ಕಟ್ಟಿದೆಯೆಂದು ತಿಳಿಯಿರಿ.

ಇನ್ನು ಸೋರಿಕೆ. ಗ್ಯಾಸಿನ ಜೊತೆಗೆ ಎಣ್ಣೆಯೂ ಸುತ್ತುವುದರಿಂದ ಸೋರುವ ಕಡೆ ಜಿಡ್ಡು ಕಟ್ಟಿ ಅದರ ಮೇಲೆ ಧೂಳು ಮೆತ್ತಿಕೊಳ್ಳುತ್ತದೆ. ಎಂಜಿನ್ ನಿಂತಿರುವಾಗ ಕೊಳವೆಗಳ ಕೂಡುವೆಡೆಗಳಿಗೆ ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಕಳ್ಳ ಸಿಕ್ಕಿದ. ಗುಳ್ಳೆ ಬಾರದಿದ್ದರೆ ಸೋರಿಕೆ ಇಲ್ಲವೆಂದಲ್ಲ. ಸಣ್ಣ ಸೋರಿಕೆಗೆ ಮೆಕ್ಯಾನಿಕ್ಕರ ಉಪಕರಣವೇ ಬೇಕು.

ಮನೆಯಲ್ಲೇ ತುಂಬುವ ಗ್ಯಾಸಿನ ಡಬ್ಬಿಗಳೂ ಈಗ ಮಾರಾಟಕ್ಕಿವೆ. ಏ.ಸಿ. ಇನ್ನೂ ಅಷ್ಟಿಷ್ಟು ತಂಪು ಕೊಡುತ್ತಿದ್ದು, ಸ್ವಲ್ಪ ಮಾತ್ರ ಕೊರತೆಯಿದ್ದರೆ ಇದರಿಂದ ಉಪಯೋಗವುಂಟು. ಪೂರ್ತಿ ಖಾಲಿಯಾಗಿದ್ದರೆ ಒಳಗೆ ಗಾಳಿ, ತೇವ ಸೇರಿರುತ್ತವೆ. ಅದನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು, ಗ್ಯಾಸನ್ನು ತೂಕ ಹಾಕಿಯೇ ತುಂಬಬೇಕು. ಅದು ಡಬ್ಬಿಯ ಕೆಲಸವಲ್ಲ.

ಡಬ್ಬಿ ಹಿಡಿಯುವವರು ಈ ನಿಯಮಗಳನ್ನು ಮರೆಯಬಾರದು. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಗ್ಯಾಸಿನ ಹೆಸರೂ ಗ್ರಾಮಿನ ಲೆಕ್ಕವೂ ಇರುತ್ತವೆ. ಬಹಳ ಗಾಡಿಗಳದು ಆರ್-134ಎ. ಕೆಲವು ಹೊಸ ಗಾಡಿಗಳದು ಆರ್-1234ವೈಎಫ್. ಒಂದರಲ್ಲಿ ಇನ್ನೊಂದನ್ನು ಬೆರೆಸಕೂಡದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಇರಲಿ. ಆರ್-134ಎ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವ ಪದಾರ್ಥ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಬಯಲಿನಲ್ಲಿ ಕೆಲಸ ಮಾಡಿ, ಮುಚ್ಚಿದ ಕೊಟ್ಟಿಗೆಯಲ್ಲಿ ಬೇಡ. ಹತ್ತಿರ ಬೀಡಿ, ಬೆಂಕಿ ಬೇಡ. ಎಂಜಿನ್, ಏ.ಸಿ. ಚಾಲೂ ಇಟ್ಟು, ದಪ್ಪ ಕೊಳವೆಯ ಮೇಲಿನ ಕಡಿಮೆ ಒತ್ತಡದ ಬಾಯಿಗೇ ಜೋಡಿಸಿ. ಹೆಚ್ಚು ಒತ್ತಡದ ಬಾಯಿಗೆ ಬಲವಂತದಿಂದ ಸೇರಿಸಿದರೆ ಡಬ್ಬಿ ಸಿಡಿದೀತು. ಡಬ್ಬಿಯನ್ನು ನೆಟ್ಟಗೆ ಹಿಡಿಯಿರಿ. ತಲೆಕೆಳಗಾದರೆ ದ್ರವ ನುಗ್ಗಿ ಕಂಪ್ರೆಸರ್ ಕೆಟ್ಟೀತು. ಬೆಂಕಿಗೆ ಹಿಡಿದು ಕಾಯಿಸಲೇಬೇಡಿ. ಮೀಟರು ನೋಡುತ್ತಾ ಸ್ವಲ್ಪ ಸ್ವಲ್ಪವೇ ಬಿಡಿ. ಸಣ್ಣ ಕಾರಿಗೆ ಒಟ್ಟು ಹಿಡಿಯುವುದೇ ಸಾಮಾನ್ಯವಾಗಿ ಅರ್ಧ ಕಿಲೋದ ಆಸುಪಾಸು. ಗೊಬ್ಬರ ಹೆಚ್ಚಾದರೆ ಪೈರು ಸುಡುವಂತೆ ಗ್ಯಾಸು ಹೆಚ್ಚಾದರೂ ತಂಪು ಕೆಡುತ್ತದೆ.

"ಅಡಿಗೆ ಗ್ಯಾಸೇ ತುಂಬಿದ್ರೆ ಅಗ್ಗ ಅಲ್ವಾ?" ಎಂದು ಕೇಳುವವರುಂಟು. ಬೇಡ ಸ್ವಾಮಿ, ಖಂಡಿತ ಬೇಡ. ಅದು ಗಾಡಿಯೊಳಗೆ ಸೋರಿದರೆ ಒಂದು ಕಿಡಿ ಸಾಕು. ಬ್ಯಾಟರಿಯಿಂದಲೇ ಓಡುವ ಗಾಡಿಯ ಏ.ಸಿ.ಗೂ ತಾವು ಕೈ ಹಾಕಬೇಡಿ. ಕಿತ್ತಳೆ ಬಣ್ಣದ ವೈರುಗಳಲ್ಲಿರುವುದು ಪ್ರಾಣ ತೆಗೆಯುವ ವಿದ್ಯುತ್ತು.

ಹಳೆಯ ಗ್ಯಾಸನ್ನು ಸುಮ್ಮನೆ ಗಾಳಿಗೂ ಬಿಡಬಾರದು. ಒಂದು ಕಿಲೋ ಆರ್-134ಎ ಭೂಮಿಯನ್ನು ಕಾಯಿಸುವುದರಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಮಳೆಯನ್ನು ನಂಬಿ ಬದುಕುವ ನಮಗೆ ಇದು ದೂರದ ಮಾತಲ್ಲ.

ಮಳೆಗಾಲ, ಚಳಿಗಾಲಗಳಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏ.ಸಿ. ಓಡಿಸಿರಿ. ಎಣ್ಣೆ ಸುತ್ತಿ ಒಳಗಿನ ಸೀಲುಗಳು ಒಣಗದೆ ಉಳಿಯುತ್ತವೆ. ಗ್ಯಾರೇಜಿಗೆ ಹೋದಾಗ "ಗ್ಯಾಸು ತುಂಬಿ" ಎನ್ನಬೇಡಿ. "ಎಲ್ಲಿ ಸೋರ್ತಾ ಇದೆ, ಮೊದಲು ತೋರಿಸಪ್ಪ" ಎಂದು ಕೇಳಿರಿ. ಬದುವಿನ ಬಿಲ ಮುಚ್ಚದೆ ಗದ್ದೆಗೆ ನೀರು ಕಟ್ಟುವ ರೈತನುಂಟೇ?