ನೀರಿನೊಳಗೆ ನೋಡಿದ ಗುರು
(ದಿಲ್ಲಿಯಲ್ಲಿ ರಾಜ್ಯೋತ್ಸವದ ಮಕ್ಕಳ ಬಹುಮಾನ ವಿತರಣೆಯಂದು ಮಾಡಿದ ಭಾಷಣ)



ಆಟೋಟಗಳ ಬಹುಮಾನ ಹಂಚುವ ಈ ಹೊತ್ತಿನಲ್ಲಿ ನಾಲ್ಕು ಮಾತನಾಡಬೇಕೆಂದು ಸಂಘದವರ ಅಪ್ಪಣೆಯಾಗಿದೆ. ಗೆದ್ದವರ ವಿಷಯವನ್ನು ಎಲ್ಲರೂ ಹೇಳುತ್ತಾರೆ. ಗೆಲ್ಲುವಂತೆ ಕಲಿಸಿದವರೊಬ್ಬರ ವಿಷಯವನ್ನು ಹೇಳೋಣವೆಂದು ನಾವು ನಿಶ್ಚಯಿಸಿಕೊಂಡು ಬಂದಿದ್ದೇವೆ.

ಊರಿನಲ್ಲಿ ನಾವು ಈಜು ಕಲಿತ ಬಗೆ ಹಿರಿಯರಿಗೆ ನೆನಪಿದ್ದೀತು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ದೂಡುತ್ತಿದ್ದರು. ಮೆಟ್ಟಿಲ ಮೇಲೆ ನಿಂತ ದೊಡ್ಡವರು “ಕೈ ಬಡಿ, ಕಾಲು ಬಡಿ” ಎಂದು ಕೂಗುತ್ತಿದ್ದರು. ಕೂಗಿಗೆ ಹೆದರಿ ಹೇಗೋ ದಡ ಸೇರುತ್ತಿದ್ದೆವು. ನೀರಿನೊಳಗೆ ನಮ್ಮ ಕೈಕಾಲು ಏನು ಮಾಡುತ್ತಿದೆಯೆಂದು ಯಾರೂ ನೋಡಿದವರಲ್ಲ.

ಅದನ್ನು ನೋಡಿದವರು ಅಮೆರಿಕದ ಕಾಲೇಜು ಮೇಷ್ಟರು ಜೇಮ್ಸ್ ಕೌನ್ಸಿಲ್ಮನ್; ಶಿಷ್ಯರ ಬಾಯಲ್ಲಿ ‘ಡಾಕ್’. 1920ರಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ನಡೆಸಿದರು. ಹಿಂದಿರುಗಿ ಬಂದು ಓದು ಮುಂದುವರಿಸಿ ಡಾಕ್ಟರೇಟ್ ಪಡೆದರು. ಮೊದಲು ಕಾರ್ಟ್‌ಲಂಡ್ ಎಂಬ ಊರಿನ ಕಾಲೇಜಿನಲ್ಲಿ ಕಲಿಸಿದರು. ತಡವಾಗಿ ಈಜಿಗೆ ಬಂದ ಜಾರ್ಜ್ ಬ್ರೀನ್ ಎಂಬ ಹುಡುಗ ಅಲ್ಲಿ ಇವರ ಕೈಗೆ ಸಿಕ್ಕು, 1956ರಲ್ಲಿ 1500 ಮೀಟರಿನ ವಿಶ್ವದಾಖಲೆ ಮಾಡಿದ. 1957ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಬಂದ ಕೌನ್ಸಿಲ್ಮನ್, 1990ರಲ್ಲಿ ನಿವೃತ್ತರಾಗುವ ತನಕ, ಮೂವತ್ತಮೂರು ವರ್ಷ, ಅಲ್ಲಿಯೇ ನೆಲೆಸಿದರು.

ಕೊಳದ ದಡದಿಂದ ಕಾಣುವುದು ನೊರೆ ಮಾತ್ರ ಎಂಬುದನ್ನು ಅವರು ಅರಿತರು. ನೀರಿನೊಳಗೆ ಚಲಚ್ಚಿತ್ರ ತೆಗೆದರು. ಕತ್ತಲೆಯ ಕೊಳದಲ್ಲಿ ಈಜುಗಾರರ ಕೈಗೆ ಮಿನುಗುವ ದೀಪ ಕಟ್ಟಿ, ಕೈ ಸಾಗುವ ದಾರಿಯನ್ನು ಚಿತ್ರದಲ್ಲಿ ಹಿಡಿದರು. ಕೈಯನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕೆಂದು ಹೇಳುತ್ತಿದ್ದ ಕಾಲವದು. ಚಿತ್ರದಲ್ಲಿ ಕಂಡದ್ದು ಬೇರೆ. ಗೆಲ್ಲುವ ಈಜುಗಾರರ ಕೈ ಒಳಕ್ಕೂ ಹೊರಕ್ಕೂ ಬಾಗುತ್ತ ಸಾಗುತ್ತಿತ್ತು. ಗುರು ಹೇಳಿದ್ದೊಂದು, ಶಿಷ್ಯನ ಕೈ ಬಲ್ಲದ್ದು ಇನ್ನೊಂದು!

1968ರಲ್ಲಿ ಇವರ ‘ಈಜಿನ ವಿಜ್ಞಾನ’ ಎಂಬ ಅರ್ಥದ ಹೆಸರಿನ ಗ್ರಂಥ ಹೊರಬಂದಿತು. ನೀರನ್ನು ಹಿಂದಕ್ಕೆ ಒತ್ತಿದರೆ ದೇಹ ಮುಂದಕ್ಕೆ ಹೋಗುತ್ತದೆಂಬ ನ್ಯೂಟನ್ನನ ನಿಯಮವೇ ಅದರಲ್ಲಿ ಆಧಾರ. ಗ್ರಂಥಕ್ಕೆ ದೊಡ್ಡ ಹೆಸರು ಬಂದಿತು. ಆದರೂ ಮೂರೇ ವರ್ಷದಲ್ಲಿ ಅವರು ತಮ್ಮ ಮಾತನ್ನು ತಾವೇ ತಿದ್ದಿ, ವಿಮಾನದ ರೆಕ್ಕೆಯನ್ನು ಗಾಳಿ ಎತ್ತುವಂತೆ ಅಂಗೈಗೂ ನೀರು ಬಲ ಕೊಡುತ್ತದೆಂದು ವಾದಿಸಿದರು. ಆ ಬಲಕ್ಕೆ ಅವರು ತುಸು ಹೆಚ್ಚೇ ಪಾಲು ಕೊಟ್ಟರೆಂದು ಮುಂದಿನ ವಿಜ್ಞಾನಿಗಳು ತೋರಿಸಿದ್ದಾರೆ. ಅದರಿಂದ ಅವರ ಗೌರವಕ್ಕೆ ಕುಂದಿಲ್ಲ. ನೋಡಿ ತಿದ್ದಿಕೊಳ್ಳುವ ಹಾದಿಯನ್ನು ಹಾಕಿಕೊಟ್ಟವರೇ ಅವರಲ್ಲವೆ?

ಗೆಲುವಿನ ಪಟ್ಟಿ ದೊಡ್ಡದು, ಚುಟುಕಾಗಿ ಹೇಳುತ್ತೇವೆ. ಮೊದಲು ಬಂದದ್ದು ಕಷ್ಟವೇ. ಫುಟ್‌ಬಾಲ್ ವಿಭಾಗದ ತಪ್ಪಿಗಾಗಿ 1960ರಲ್ಲಿ ಇಡೀ ವಿಶ್ವವಿದ್ಯಾನಿಲಯಕ್ಕೆ ದಂಡನೆಯಾಗಿ, ಈಜುಗಾರರು ಕೆಲವು ವರ್ಷ ರಾಷ್ಟ್ರೀಯ ಕಾಲೇಜು ಸ್ಪರ್ಧೆಗೆ ಹೋಗಲಾಗಲಿಲ್ಲ. ಗುರು ಕೊಳ ಬಿಡಲಿಲ್ಲ. 1968ರಿಂದ 1973ರ ವರೆಗೆ ಆರು ವರ್ಷ ಬಿಡದೆ ಆ ಪ್ರಶಸ್ತಿ ಅವರದಾಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಆರು ಚಿನ್ನ ಗೆಲ್ಲುವೆನೆಂದು ಹೋಗಿ, ತಂಡದ ಸ್ಪರ್ಧೆಗಳಲ್ಲಿ ಮಾತ್ರ ಎರಡು ಗೆದ್ದು ಮುಖ ಬಾಡಿಸಿಕೊಂಡು ಬಂದಿದ್ದ ಮಾರ್ಕ್ ಸ್ಪಿಟ್ಜ್ ಇವರ ಬಳಿ ಕಲಿತು, 1972ರಲ್ಲಿ ಮ್ಯೂನಿಕ್ಕಿನಲ್ಲಿ ಏಳು ಚಿನ್ನ ಗೆದ್ದ. 1976ರ ಮಾಂಟ್ರಿಯಲ್ಲಿನಲ್ಲಿ ಕೌನ್ಸಿಲ್ಮನ್ ಅಮೆರಿಕದ ಪುರುಷರ ತಂಡದ ಮುಖ್ಯ ಗುರು. ಹದಿಮೂರು ಚಿನ್ನದಲ್ಲಿ ಹನ್ನೆರಡು ಆ ತಂಡಕ್ಕೆ. ಅಲ್ಲಿಯೇ ಇವರ ಶಿಷ್ಯ ಜಿಮ್ ಮಾಂಟ್ಗೊಮರಿ 100 ಮೀಟರನ್ನು 49.99 ಸೆಕೆಂಡಿನಲ್ಲಿ ಈಜಿದ. ಐವತ್ತರ ಗೆರೆಯನ್ನು ಅದುವರೆಗೆ ಯಾರೂ ದಾಟಿರಲಿಲ್ಲ.

ಇಷ್ಟಾದ ಮೇಲೆ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದಿತ್ತು. 1979ರಲ್ಲಿ, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಅವರು ತಾವೇ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ಅಷ್ಟು ವಯಸ್ಸಾದವರು ಅದನ್ನು ದಾಟಿದ್ದು ಅದೇ ಮೊದಲು. ಕಡೆಗಾಲದಲ್ಲಿ ಕಂಪವಾತ ಕಾಡಿತು. 2004ರ ಜನವರಿಯಲ್ಲಿ ತೀರಿಕೊಂಡರು.

ಈ ಕಥೆಯನ್ನು ಇಂದೇ ಏಕೆ ಹೇಳಿದೆವೆಂದರೆ, ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವುದಿತ್ತು. ಕಳೆದ ಸಲದ ನಾಟಕದ ತಾಲೀಮಿನಲ್ಲಿ ಒಬ್ಬ ಹುಡುಗ ‘ಬೆಳಕು’ ಎನ್ನುವಲ್ಲಿ ‘ಬೆಲಕು’ ಎಂದ. ದೊಡ್ಡವರಾದ ನಾವೇ ನಕ್ಕೆವು. “ಸರಿಯಾಗಿ ಹೇಳು” ಎಂದು ಕೂಗಿದೆವು. ಮರುದಿನ ಅವನು ಬರಲಿಲ್ಲ. ಅವನು ದಿನವೆಲ್ಲ ಆಡುವ ಶಾಲೆಯ ಹಿಂದಿಯಲ್ಲಿ ಳಕಾರವೇ ಇಲ್ಲ. ನಾಲಗೆಯನ್ನು ಎಲ್ಲಿಗೆ ಮಡಿಸಬೇಕೆಂದು ಒಂದು ನಿಮಿಷ ತೋರಿಸಿದ್ದರೆ ಆಗುತ್ತಿತ್ತು. ನಾವು ಮೆಟ್ಟಿಲ ಮೇಲೆ ನಿಂತು ಕೂಗಿದೆವೇ ಹೊರತು ನೀರಿನೊಳಗೆ ನೋಡಲಿಲ್ಲ.

ಆ ಹುಡುಗ ಇಂದು ಓಟದಲ್ಲಿ ಗೆದ್ದು ಈ ಸಭೆಯಲ್ಲಿ ಕುಳಿತಿದ್ದಾನೆ. ಈ ಸಲದ ನಾಟಕಕ್ಕೂ ಅವನು ಬರಬೇಕೆಂದು ಎಲ್ಲರೆದುರಿಗೆ ಕೇಳಿಕೊಳ್ಳುತ್ತೇವೆ. ಕಲಿಸುವ ಕೆಲಸವನ್ನು ನಾವೂ ಮೊದಲಿನಿಂದ ಕಲಿಯುತ್ತೇವೆ.