ಮಲ್ಲಯ್ಯನ ದಾರಿಯಲ್ಲಿ ನನ್ನ ಬೆಂಚಿನ ಗೆಳೆಯ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ‘ಶಾಲೆ ನನಗೇನು ಕೊಟ್ಟಿತು’ ಎಂಬ ವಿಷಯ ಕೊಟ್ಟಿದ್ದಾರೆ. ಕೊಟ್ಟದ್ದು ಬಹಳ. ನಾನು 1987ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿದೆ, ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತು, ಮನೆ ಮಕ್ಕಳು ಎಲ್ಲ ಆಯಿತು. ಅದನ್ನು ಹೇಳುವವರು ನನ್ನ ಹಿಂದೆ ಮುಂದೆ ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಕಳೆದ ಯುಗಾದಿಗೆ ಶ್ರೀಶೈಲಕ್ಕೆ ನಡೆದುಹೋದ ಸುದ್ದಿ ಹೇಳುತ್ತೇನೆ. ಅದಕ್ಕೂ ಈ ಶಾಲೆಗೂ ಏನು ಸಂಬಂಧ ಎಂದು ಕೇಳಬೇಡಿ, ಕಡೆಗೆ ಇಲ್ಲಿಗೇ ಬರುತ್ತೇನೆ.

ನಮ್ಮ ಕಡೆಯವರಿಗೆ ಶ್ರೀಶೈಲದ ಪಾದಯಾತ್ರೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಹೋಳಿ ಹುಣ್ಣಿಮೆಯ ಆಚೀಚೆ ಜನ ಹೊರಡುತ್ತಾರೆ. ಕೆಲವರು ಕಂಬಿ ಹೊತ್ತು ಬರಿಗಾಲಲ್ಲಿ, ಕೆಲವರು ಮರಗಾಲು ಕಟ್ಟಿಕೊಂಡು, ಉಳಿದವರು ಹೆಗಲಿಗೊಂದು ಚೀಲ ಹಾಕಿಕೊಂಡು. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಮಲ್ಲಿಕಾರ್ಜುನ ಒಬ್ಬ, ಹದಿನೆಂಟು ಶಕ್ತಿಪೀಠಗಳಲ್ಲಿ ಭ್ರಮರಾಂಬೆ ಒಬ್ಬಳು. ನಮ್ಮ ಜನರಿಗೆ ಮಾತ್ರ ಅವಳು ತವರಿನ ಮಗಳು, ಅವನು ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸದ ಖಣ, ಅರಿಷಿಣ ಕುಂಕುಮ ಮುಟ್ಟಿಸಿ ಬರುವುದೇ ಈ ಯಾತ್ರೆ.

ನನ್ನ ಅವ್ವ ನನಗೆ ನೌಕರಿ ಸಿಕ್ಕರೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದಳು. ಮೊದಲು ಮನೆಯ ಕೆಲಸ, ಆಮೇಲೆ ಮೊಣಕಾಲು ಬೇನೆ; ಹರಕೆ ಹಾಗೇ ಉಳಿಯಿತು. ಅವಳು ತೀರಿಕೊಂಡ ವರ್ಷ ತಿಥಿಗೆ ಬಂದಿದ್ದ ನನ್ನ ಗೆಳೆಯ ಅಂಗಳದಲ್ಲಿ ಕೈ ತೊಳೆಯುತ್ತ ಅಂದ: ‘ನಾ ಹೆಂಗೂ ವರ್ಷಾ ಹೊಕ್ಕೀನಿ. ಈ ಸಲ ನೀನೂ ಬಾ. ಅವ್ವನ ಹರಕಿ ಮುಟ್ಟಿಸಿ ಬರೂಣು.’

ಈ ಗೆಳೆಯ ಎಂಟನೆಯ ಈಯತ್ತೆಯಿಂದ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನು. ತರಗತಿಯಲ್ಲೇ ಚಂದದ ಅಕ್ಷರ ಅವನದು. ದಿನಾ ಬೆಳಿಗ್ಗೆ ಹಲಗೆಯ ಮೇಲೆ ಸುಭಾಷಿತ ಬರೆಯುತ್ತಿದ್ದವನು ಅವನೇ. ಈಗ ಇದೇ ಊರಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಹೆಸರು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ನಿಮ್ಮಲ್ಲಿ ಅರ್ಧ ಜನರಿಗೆ ಈಗಾಗಲೇ ಗೊತ್ತಾಗಿದೆ ಎಂದು ನಿಮ್ಮ ಮುಖ ನೋಡಿದರೆ ನನಗೂ ಗೊತ್ತಾಗುತ್ತದೆ.

ಹೋಳಿ ಹುಣ್ಣಿಮೆಯ ಎರಡು ದಿನಕ್ಕೆ ಹೊರಟೆವು. ದಾರಿ ಸುಮಾರು 350 ಕಿ.ಮೀ. ನಸುಕಿನ ಮೂರಕ್ಕೆ ಎದ್ದು ನಡೆಯುವುದು, ಬಿಸಿಲೇರಿದ ಮೇಲೆ ಮರವೋ ಗುಡಿಯೋ ಸಿಕ್ಕಲ್ಲಿ ಮಲಗುವುದು, ಇಳಿಹೊತ್ತಿಗೆ ಮತ್ತೆ ಹೊರಡುವುದು. ಗೆಳೆಯನ ಚೀಲದಲ್ಲಿ ಅವನ ಬಟ್ಟೆಗಿಂತ ಊರ ಹೆಣ್ಣುಮಕ್ಕಳು ಕೊಟ್ಟ ಉಡಿಯ ಸಾಮಾನೇ ಹೆಚ್ಚು. ಪ್ರತಿ ಪೊಟ್ಟಣದ ಮೇಲೂ ಕೊಟ್ಟವರ ಹೆಸರು, ಅದೇ ದುಂಡನೆಯ ಅಕ್ಷರದಲ್ಲಿ.

ನಾನು ಯಾತ್ರೆಗೆಂದೇ ದುಬಾರಿ ಬೂಟು ಕೊಂಡಿದ್ದೆ. ಮುದಗಲ್ಲಿನ ಕೋಟೆ ದಾಟುವ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಆ ರಾತ್ರಿ ಒಂದು ಗುಡಿಯ ಕಟ್ಟೆಯ ಮೇಲೆ ಗೆಳೆಯ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸೂಜಿಯನ್ನು ದೀಪಕ್ಕೆ ಹಿಡಿದು, ಬೊಬ್ಬೆಯಲ್ಲಿ ದಾರ ಪೋಣಿಸಿ ಬಿಟ್ಟ. ನೀರು ದಾರದ ಗುಂಟ ಇಳಿಯಿತು. ಲಿಂಗಸುಗೂರಿನಲ್ಲಿ ನನಗೊಂದು ಜೊತೆ ಹವಾಯಿ ಚಪ್ಪಲಿ ಕೊಡಿಸಿದ. ಬೂಟನ್ನು ನನಗೆ ಹೊರಲು ಬಿಡದೆ ತನ್ನ ಚೀಲಕ್ಕೇ ಕಟ್ಟಿಕೊಂಡ. ನನಗೆ ಕಾಲಿಗಿಂತ ಒಳಗೆ ನೋವು. ಯಾಕೆಂದು ಮುಂದೆ ಹೇಳುತ್ತೇನೆ.

ಸಿರವಾರ, ರಾಯಚೂರು ದಾಟಿ ತೆಲಂಗಾಣ ಹೊಕ್ಕೆವು. ದಾರಿಯುದ್ದಕ್ಕೂ ದಾಸೋಹ. ಒಂದು ಕಡೆ ಜೋಳದ ರೊಟ್ಟಿ ಪುಂಡಿಪಲ್ಯ, ಒಂದು ಕಡೆ ಮಜ್ಜಿಗೆ, ಇನ್ನೊಂದು ಕಡೆ ಸ್ನಾನಕ್ಕೆ ಬಿಸಿನೀರು. ಹರಿದ ಚಪ್ಪಲಿಗೆ ಹೊಲಿಗೆ ಹಾಕಿಕೊಡುವವರು, ಯಾರ ಕಾಲು ಎಂದು ಕೇಳದೆ ಎಣ್ಣೆ ಹಚ್ಚಿ ತಿಕ್ಕುವವರು. ಮನೆಯಲ್ಲಿ ಒಂದು ಲೋಟ ನೀರನ್ನೂ ಎದ್ದು ತೆಗೆದುಕೊಳ್ಳದ ನಾನು ಅವರ ಮುಂದೆ ಕಾಲು ಚಾಚಿ ಕೂರಲು ನಾಚಿಕೊಂಡೆ. ‘ಚಾಚೋ, ಅವರಿಗೆ ಪುಣ್ಯಾ ಬ್ಯಾಡೇನು?’ ಅಂದ ಗೆಳೆಯ.

ಐಜ ಎಂಬ ಊರಿನಲ್ಲಿ ಅವನು ಅಂಗಡಿಯ ತೆಲುಗು ಫಲಕಗಳನ್ನು ಸರಸರ ಓದುವುದು ಕಂಡು ಬೆರಗಾದೆ. ‘ನಮ್ಮ ಅಕ್ಷರಾನ ಅವು. ತಲಿಕಟ್ಟು ಬ್ಯಾರೆ ಅಷ್ಟ’ ಎಂದು ರಸ್ತೆಯ ದೂಳಿನಲ್ಲಿ ಕೋಲಿನಿಂದ ಬರೆದು ತೋರಿಸಿದ. ಕರ್ನೂಲು ಮುಟ್ಟುವ ಹೊತ್ತಿಗೆ ನಾನೂ ತಡವರಿಸುತ್ತ ಓದತೊಡಗಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೇ ಕೂರದವನು, ಡಿಗ್ರಿ ಮುಗಿಸಿದ ನನಗೆ ನಡುದಾರಿಯಲ್ಲಿ ಒಂದು ಲಿಪಿ ಕಲಿಸಿದ.

ಅವನು ಪರೀಕ್ಷೆಗೆ ಯಾಕೆ ಕೂರಲಿಲ್ಲ? ಈ ಊರಿನ ಹಿರಿಯರನ್ನು ಕೇಳಿದರೆ, ಆಗಿನ ಶಾಲೆಯ ಗುಮಾಸ್ತರು ಕೊನೆಯ ದಿನ ದಾಟಿತೆಂದು ಅವನ ಫೀ ತಗೊಳ್ಳಲಿಲ್ಲ ಎನ್ನುತ್ತಾರೆ. ಬಡವರ ಮಗನ ಬಾಳು ಕೆಡಿಸಿದ ಎಂದು ಆ ಗುಮಾಸ್ತರನ್ನು ಬೈದವರೂ ಇಲ್ಲಿದ್ದಾರೆ. ಅವರು ಈಗ ಇಲ್ಲ. ಅವರ ಮನೆಯವರು ಈ ಸಭೆಯಲ್ಲಿದ್ದಾರೆ. ನಿಜ ಏನೆಂಬುದನ್ನು ನಾನು ನಾಗಲೂಟಿಯಲ್ಲಿ ಹೇಳಿದೆ. ಇವತ್ತು ನಿಮ್ಮ ಮುಂದೆ ಮತ್ತೆ ಹೇಳುತ್ತಿದ್ದೇನೆ.

ತುಂಗಭದ್ರೆ ದಾಟಿ, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು ಮುಗಿಸಿ ವೆಂಕಟಾಪುರದಿಂದ ನಲ್ಲಮಲ ಕಾಡು ಹೊಗಬೇಕು. ಅದು ಹುಲಿ ಸಂರಕ್ಷಿತ ಅರಣ್ಯ. ಡಾಂಬರು ಮುಗಿದು ಕಲ್ಲುದಾರಿ ಸುರುವಾಗುತ್ತದೆ. ಮೊದಲ ತಂಗು ನಾಗಲೂಟಿ, ಅಲ್ಲಿ ವೀರಭದ್ರನ ಹಳೆಯ ಗುಡಿ. ಆ ರಾತ್ರಿ ಸುತ್ತ ನೂರಾರು ಜನ ಮಲಗಿದ್ದರು. ಗೆಳೆಯ ಮತ್ತೆ ನನ್ನ ಕಾಲನ್ನು ತೊಡೆಯ ಮೇಲೆ ತೆಗೆದುಕೊಂಡು ಎಣ್ಣೆ ಹಚ್ಚತೊಡಗಿದ. ನನಗೆ ತಡೆಯಲಾಗಲಿಲ್ಲ, ಕಾಲು ಹಿಂದಕ್ಕೆಳೆದುಕೊಂಡೆ.

1986ರ ದೀಪಾವಳಿ ಆದ ಮೇಲೆ ಅವನ ಅಪ್ಪನನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದ್ದರು. ಅವನು ಅಲ್ಲಿಗೆ ಹೋಗುವಾಗ ಪರೀಕ್ಷೆಯ ಅರ್ಜಿಯನ್ನೂ ಫೀ ಹಣವನ್ನೂ ನನ್ನ ಕೈಗೆ ಕೊಟ್ಟು, ‘ಕಟ್ಟಿಬಿಡೋ’ ಅಂದ. ಅದು ಅವನ ಅವ್ವ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿ ಕೂಡಿಸಿದ ಹಣ. ನಾನು ಇಬ್ಬರು ಹುಡುಗರ ಜೊತೆ ಇಳಕಲ್ಲಿಗೆ ಸಿನಿಮಾಕ್ಕೆ ಹೋದೆ. ಟಿಕೇಟು, ಹೋಟೆಲಿನಲ್ಲಿ ತಿಂಡಿ. ಅರ್ಧ ಹಣ ಒಂದೇ ಸಂಜೆಗೆ ಕರಗಿತು. ಮನೆಯಲ್ಲಿ ಕೇಳಿ ತುಂಬಿದರಾಯಿತು ಅಂದುಕೊಂಡೆ. ಅಪ್ಪನನ್ನು ಕೇಳಲು ಧೈರ್ಯ ಬರಲಿಲ್ಲ. ಕೊನೆಯ ದಿನ ಬಂದಿತು, ಹೋಯಿತು.

ಆ ದಿನ ಗುಮಾಸ್ತರೇ ತರಗತಿಯ ಬಾಗಿಲಿಗೆ ಬಂದು ನನ್ನನ್ನು ಕರೆದು ಕೇಳಿದರು, ‘ನಿನ್ನ ದೋಸ್ತಂದು ಅರ್ಜಿ ಬಂದಿಲ್ಲಲ್ಲೋ, ಎಲ್ಲಿ ಅದಾನ?’ ‘ಅವ ಸಾಲಿ ಬಿಡ್ತಾನಂತ್ರೀ’ ಅಂದೆ. ‘ಚಲೋ ಹುಡುಗ ಇದ್ದ’ ಎಂದು ಮರುಗುತ್ತ ಹೋದರು. ಗೆಳೆಯ ತಿರುಗಿ ಬಂದಾಗ ಅಜ್ಜಿಯ ಹತ್ತಿರ ಹಣ ಇಸಿದುಕೊಂಡು ಪೂರ್ತಿ ಮಾಡಿ ಅವನ ಕೈಗಿಟ್ಟು, ‘ಗುಮಾಸ್ತರು ತಗೊಳ್ಳಲಿಲ್ಲ’ ಅಂದೆ. ಅವನ ಅವ್ವ ಹೋಗಿ ಕೇಳುತ್ತೇನೆ ಅಂದಾಗ, ‘ಹೋದರೆ ಇನ್ನೂ ಸಿಟ್ಟಾಗ್ತಾರ, ಮುಂದಿನ ವರ್ಷ ಕಟ್ಟಿದರಾತು’ ಎಂದು ತಡೆದೆ. ಮುಂದಿನ ವರ್ಷದ ಹೊತ್ತಿಗೆ ಅವನ ಅಪ್ಪ ಇರಲಿಲ್ಲ. ಗಳೆ ಹೊಡೆಯುವ ಕೆಲಸ ಅವನ ಮೇಲೆ ಬಿತ್ತು.

ಇಷ್ಟನ್ನೂ ಹೇಳಿದೆ. ಅವನು ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸಿ, ಚೀಲದಲ್ಲಿಟ್ಟು, ಹೊದ್ದುಕೊಂಡು ಮಲಗಿದ. ನಿದ್ದೆ ಮಾಡಿದನೋ ಇಲ್ಲವೋ ಗೊತ್ತಿಲ್ಲ. ನಾನಂತೂ ಮಾಡಲಿಲ್ಲ.

ಮರುದಿನ ಪೆಚ್ಚೆರುವಿನವರೆಗೂ, ಅಲ್ಲಿಂದ ಮುಂದಕ್ಕೂ ಅವನು ಮಾತಾಡಲಿಲ್ಲ. ನನಗಿಂತ ಇಪ್ಪತ್ತು ಮಾರು ಮುಂದೆ ನಡೆದ. ಒಣಗಿದ ಎಲೆ, ಬಿಸಿ ಕಲ್ಲು, ದೂಳು. ನೀರಿನ ಟ್ಯಾಂಕರ್ ಕಂಡಲ್ಲಿ ಜನ ಮುಗಿಬೀಳುತ್ತಿದ್ದರು. ನಾನು ತಲುಪುವ ಹೊತ್ತಿಗೆ ಅವನು ತುಂಬಿಸಿಟ್ಟ ನನ್ನ ಬಾಟಲಿ ಕಲ್ಲಿನ ಮೇಲಿರುತ್ತಿತ್ತು, ಅವನು ಎದ್ದು ಹೊರಟಿರುತ್ತಿದ್ದ. ನಾನು ನಿಂತರೆ ಅವನೂ ದೂರದಲ್ಲಿ ನಿಲ್ಲುತ್ತಿದ್ದ. ಇಡೀ ದಿನದಲ್ಲಿ ಒಮ್ಮೆಯೂ ನನ್ನ ಕಣ್ಣಿಗೆ ಮರೆಯಾಗಲಿಲ್ಲ, ಒಮ್ಮೆಯೂ ತಿರುಗಿ ನೋಡಲಿಲ್ಲ. ಅಷ್ಟು ದಿನದ ನಡಿಗೆಯಲ್ಲಿ ಅದೇ ಉದ್ದನೆಯ ದಿನ.

ಭೀಮನಕೊಳ್ಳ ಬಂದಿತು. ಅಲ್ಲಿ ಆಳಕ್ಕೆ ಇಳಿದು ಮತ್ತೆ ಕೈಲಾಸ ಬಾಗಿಲಿನವರೆಗೆ ಕಡಿದಾದ ಮೆಟ್ಟಿಲು ಹತ್ತಬೇಕು. ಶ್ರೀಶೈಲಕ್ಕೆ 14ನೆಯ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಮೆಟ್ಟಿಲು ಕಟ್ಟಿಸಿದನೆಂದು ಓದಿದ್ದೆ. ಹತ್ತುವಾಗ ಯಾವ ಅರಸನೂ ನೆನಪಾಗಲಿಲ್ಲ, ಉಸಿರೊಂದೇ. ನಡುವಿನಲ್ಲಿ ಕಾಲು ನಡುಗಿ ಕುಳಿತುಬಿಟ್ಟೆ. ಮೇಲಿನಿಂದ ಒಂದು ಕೋಲು ನನ್ನ ಮುಂದೆ ಚಾಚಿತು. ಅದರ ಆ ತುದಿಯಲ್ಲಿ ಗೆಳೆಯ.

‘ಹಂಗಾದ್ರ,’ ಅಂದ, ‘ಆ ಗುಮಾಸ್ತರನ್ನ ನಾ ಮೂವತ್ತೇಳು ವರ್ಷ ಸುಳ್ಳ ಬೈದೆ ಅಲ್ಲೋ? ಎದರಿಗೆ ಬಂದ್ರ ಶರಣು ಸೈತ ಅನಲಿಲ್ಲ. ಅವರು ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ. ಆ ಹಿರಿ ಜೀವ ಏನ್ ಅನಕೊಂಡಿರಬೇಕು?’

ನನಗೆ ಮಾತು ಬರಲಿಲ್ಲ.

‘ನಂದು ಹ್ವಾತು. ಪಾಸ್ ಆಗತಿದ್ದೆನೋ ನಪಾಸ್ ಆಗತಿದ್ದೆನೋ, ಯಾರಿಗ್ಗೊತ್ತು. ನನಗ ನೀ ಹೇಳಿದಿ. ಅವರಿಗೆ ಯಾರು ಹೇಳೂರು?’

ನಾನು ಕೋಲು ಹಿಡಿದು ಎದ್ದೆ. ಮಿಕ್ಕ ಮೆಟ್ಟಿಲುಗಳನ್ನು ಒಂದು ಕೋಲಿನ ಎರಡು ತುದಿ ಹಿಡಿದು ಹತ್ತಿದೆವು.

ಶ್ರೀಶೈಲದಲ್ಲಿ ಅವ್ವನ ಹರಕೆ ಮುಟ್ಟಿತು. ಗೆಳೆಯ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು, ಕೊಟ್ಟವರ ಹೆಸರು ಓದಿ ತಾಯಿಗೆ ಒಪ್ಪಿಸಿದ. ಕೊನೆಯಲ್ಲಿ ಹೆಸರಿಲ್ಲದ ಒಂದು ಪೊಟ್ಟಣ ಉಳಿಯಿತು. ಅಲ್ಲಿಯೇ ಅಂಗಡಿಯಲ್ಲಿ ಕೊಂಡದ್ದು. ‘ಇದು ಗುಮಾಸ್ತರ ಮನಿಯಿಂದ’ ಅಂದ. ಊರಿಗೆ ಬಂದ ಮೇಲೆ ಅದರ ಪ್ರಸಾದವನ್ನು ನಾವಿಬ್ಬರೂ ಅವರ ಮನೆಗೆ ಒಯ್ದೆವು. ಆ ತಾಯಿಯ ಮುಂದೆ ನಾನು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಅಂದದ್ದು ಇಷ್ಟೇ: ‘ಊರಾಗ ಮಂದಿ ಯಾಕ ಮಾತಾಡಸೂದ ಬಿಟ್ರು ಅಂತ ಅವರಿಗೆ ಕಡೀತನಕಾ ತಿಳೀಲಿಲ್ಲಪ್ಪಾ. ಮನ್ಯಾಗ ಹೇಳಿದ್ದು ಮನ್ಯಾಗ ಉಳೀತೈತಿ. ಮಂದಿ ಮುಂದ ಹೇಳು.’

ಅದಕ್ಕಾಗಿ ಈ ವೇದಿಕೆ ಕೇಳಿ ಪಡೆದೆ. ಊರಿನ ದೈವದ ಮುಂದೆ ಹೇಳುತ್ತಿದ್ದೇನೆ: ಆ ಗುಮಾಸ್ತರು ಯಾವ ಹುಡುಗನ ಫೀಯನ್ನೂ ತಿರುಗಿಸಿ ಕಳಿಸಿದವರಲ್ಲ. ಬಾರದ ಅರ್ಜಿಯನ್ನು ಹುಡುಕಿಕೊಂಡು ತರಗತಿಯ ಬಾಗಿಲಿಗೆ ಬಂದವರು. ತಪ್ಪು ನನ್ನದು, ಸುಳ್ಳು ನನ್ನದು. ಇಷ್ಟು ವರ್ಷ ಅವರ ಮೇಲೆ ಹೊರಿಸಿದ್ದನ್ನು ಇವತ್ತು ನಾನು ಇಳಿಸಿ ನನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತೇನೆ.

ಗೆಳೆಯ ಕ್ಷಮಿಸಿದೆ ಎಂದು ಇವತ್ತಿಗೂ ಅಂದಿಲ್ಲ. ನಾನೂ ಕೇಳಿಲ್ಲ. ಮುಂದಿನ ಯುಗಾದಿಗೆ ಬೂಟು ತರಬೇಡ ಎಂದು ಮಾತ್ರ ಹೇಳಿದ್ದಾನೆ.

ಇನ್ನು ಎರಡು ಬಿನ್ನಹ. ಮೊದಲನೆಯದು ಗುರುಗಳಲ್ಲಿ. ಒಂದು ಮಗುವಿನ ಅರ್ಜಿ ಬರದಿದ್ದರೆ ಇನ್ನೊಂದು ಮಗುವಿನ ಮಾತು ನಂಬಬೇಡಿ. ದಯವಿಟ್ಟು ಅದರ ಮನೆಯವರೆಗೆ ಹೋಗಿ ಕೇಳಿ. ಹಣವೇ ಅಡ್ಡಿಯಾದರೆ ನಮ್ಮ ತಂಡದವರಿಗೆ ಒಂದು ಫೋನು ಮಾಡಿ.

ಎರಡನೆಯದು ಸಂಚಿಕೆಯ ಸಮಿತಿಯಲ್ಲಿ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯನ್ನು ಈ ಸಂಚಿಕೆಯ ಕೊನೆಗೆ ಅಚ್ಚು ಹಾಕುತ್ತೀರೆಂದು ಕೇಳಿದೆ. ಕರಡು ನೋಡಿದೆ. 1987ರ ಪಟ್ಟಿಯಲ್ಲಿ ನನ್ನ ಹೆಸರಿದೆ, ಅವನ ಹೆಸರಿಲ್ಲ. ನಡುವೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರಿಲ್ಲ, ದುಡಿಯಲು ಗೋವೆಗೆ ಹೋದವರ ಹೆಸರಿಲ್ಲ, ನಪಾಸಾಗಿ ನಾಚಿಕೊಂಡು ಮತ್ತೆ ಈ ಕಡೆ ತಲೆ ಹಾಕದವರ ಹೆಸರಿಲ್ಲ. ಅವರೂ ಈ ಬೆಂಚುಗಳಲ್ಲಿ ಕುಳಿತವರು, ಈ ಗಿಡಗಳಿಗೆ ನೀರು ಹಾಕಿದವರು. ಪಾಸಾದವರ ಪಟ್ಟಿ ಬೇಡ, ದಾಖಲಾತಿ ಪುಸ್ತಕ ತೆರೆಯಿರಿ. 1974ರಿಂದ ಈ ಶಾಲೆಯ ಬಾಗಿಲು ತುಳಿದ ಪ್ರತಿಯೊಬ್ಬರ ಹೆಸರೂ ಬರಲಿ. ಪುಟ ಹೆಚ್ಚಾದರೆ ಅದರ ಖರ್ಚು ನನ್ನದು. ಬರೆದು ಕೊಡಲು ಕೈ ಸಾಲದಿದ್ದರೆ ಒಳ್ಳೆಯ ಅಕ್ಷರದವನೊಬ್ಬ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ, ಬರೆದುಕೊಡಲು ಒಪ್ಪಿದ್ದಾನೆ.